ಮುರಿದ ಒಡಂಬಡಿಕೆ, ಮುಗಿಯದ ನಂಟು

ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ದೊರೆ ನೆಬೂಕದ್ನೆಚ್ಚರನ ಸೇನೆ ಯೆರೂಸಲೇಮಿನ ಕೋಟೆ ಒಡೆದು ಒಳನುಗ್ಗಿತು. ಸೊಲೊಮೋನ ಕಟ್ಟಿಸಿದನೆಂದು ಬೈಬಲ್ ಹೇಳುವ ದೇವಾಲಯ ಸುಟ್ಟು ಬೂದಿಯಾಯಿತು. ರಾಜ್ಯ ಹೋಯಿತು, ಸಿಂಹಾಸನ ಹೋಯಿತು. ಅಂದಿನ ಪಶ್ಚಿಮ ಏಷ್ಯಾದ ಜನರ ಲೆಕ್ಕದಲ್ಲಿ ಒಂದು ನಗರ ಬಿದ್ದರೆ ಒಂದೋ ಅದರ ದೇವರು ಸೋತಿದ್ದಾನೆ, ಇಲ್ಲವೇ ಮುನಿದು ಬಿಟ್ಟುಹೋಗಿದ್ದಾನೆ. ಹೀಗೆ ಎಷ್ಟೋ ಜನಾಂಗಗಳು ತಮ್ಮ ದೇವರುಗಳೊಂದಿಗೇ ಇತಿಹಾಸದಿಂದ ಮರೆಯಾದವು. ಆದರೆ ಇಸ್ರಾಯೇಲ್ಯರ ದೇವರು ಮರೆಯಾಗಲಿಲ್ಲ. ಏಕೆ?

ಉತ್ತರ ಹುಡುಕಲು ಎರಡು ಶತಮಾನ ಹಿಂದಕ್ಕೆ ಹೋಗಬೇಕು. ಆಗ ಇಸ್ರಾಯೇಲ್ಯರದು ಎರಡು ರಾಜ್ಯ. ಉತ್ತರದಲ್ಲಿ ಸಮಾರ್ಯ ರಾಜಧಾನಿಯಾಗಿದ್ದ ಇಸ್ರಾಯೇಲ್, ದಕ್ಷಿಣದಲ್ಲಿ ಯೆರೂಸಲೇಮ್ ರಾಜಧಾನಿಯಾಗಿದ್ದ ಯೆಹೂದ. ತಮಗೂ ಯೆಹೋವನಿಗೂ ನಡುವೆ ಒಂದು ಒಡಂಬಡಿಕೆ ಇದೆ, ಅವನೊಬ್ಬನನ್ನೇ ಆರಾಧಿಸಿ ನ್ಯಾಯವಾಗಿ ಬಾಳಿದರೆ ಅವನು ಕಾಯುತ್ತಾನೆ ಎಂಬುದು ಇಬ್ಬರ ನಂಬಿಕೆಯೂ ಆಗಿತ್ತು ಎಂದು ಬೈಬಲ್ ಹೇಳುತ್ತದೆ.

ನಡೆದದ್ದು ಬೇರೆ. ಕ್ರಿ.ಪೂ. ಎಂಟನೆಯ ಶತಮಾನದಲ್ಲಿ ಎರಡನೆಯ ಯಾರೊಬ್ಬಾಮನ ಆಳ್ವಿಕೆಯಲ್ಲಿ ಸಮಾರ್ಯ ಸಿರಿವಂತವಾಗಿತ್ತು. ಅಲ್ಲಿನ ಉತ್ಖನನಗಳಲ್ಲಿ ದೊರೆತ ದಂತದ ಕೆತ್ತನೆಗಳು ಅರಮನೆಯ ವೈಭವಕ್ಕೆ ಸಾಕ್ಷಿ. ಅದೇ ಕಾಲದಲ್ಲಿ ಬಡವರ ಹೊಲ ಕಸಿಯುವುದೂ, ಮಳೆ ಬೆಳೆಗಾಗಿ ಬಾಳ್ ದೇವತೆಗೆ ಹರಕೆ ಹೊರುವುದೂ ನಡೆದಿತ್ತು ಎಂದು ಪ್ರವಾದಿಗಳು ಕಿಡಿಕಾರಿದರು. ಇದು ಬರೀ ಪ್ರವಾದಿಗಳ ದೂರಲ್ಲ. ಸಿನಾಯ್ ಮರುಭೂಮಿಯ ಕುಂತಿಲ್ಲೆತ್ ಅಜ್ರೂದ್ ಎಂಬಲ್ಲಿ 1975-76ರಲ್ಲಿ ಸಿಕ್ಕಿದ ಮಡಕೆಗಳ ಮೇಲಿನ ಬರಹದಲ್ಲಿ ಯೆಹೋವನ ಜೊತೆಗೇ 'ಅಶೇರ'ಳ ಹೆಸರೂ ಇದೆ. ಅಶೇರ ಆ ನಾಡಿನ ಹಳೆಯ ದೇವಿಯ ಹೆಸರು.

ಈ ಕಾಲದ ಪ್ರವಾದಿ ಹೋಶೇಯ ತನ್ನ ಸಂಸಾರವನ್ನೇ ದೃಷ್ಟಾಂತವಾಗಿಸಿದ. ಅವನ ಹೆಂಡತಿ ಗಂಡನನ್ನು ತೊರೆದು ಬೇರೆಯವರ ಹಿಂದೆ ಹೋದವಳು. ಮಗನೊಬ್ಬನಿಗೆ ಅವನು ಇಟ್ಟ ಹೆಸರು 'ಲೋ ಅಮ್ಮಿ'. ಎಂದರೆ 'ನನ್ನ ಜನರಲ್ಲ' ಎಂದರ್ಥ. ನಂಟು ಮುರಿಯಿತು ಎಂಬ ಘೋಷಣೆ ಅದು. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಹೋಶೇಯ ಬೆಳ್ಳಿ ಮತ್ತು ಜವೆಗೋಧಿ ತೆತ್ತು ಹೆಣ್ಣನ್ನು ಮರಳಿ ಕರೆತರುತ್ತಾನೆ. ಜನ ಕೊಟ್ಟ ಮಾತು ತಪ್ಪಿದರೂ ದೇವರು ತನ್ನ ಮಾತು ತಪ್ಪಲಾರ ಎಂಬುದು ಇದರ ತಾತ್ಪರ್ಯ. ಈ ಬಿಡದ ಪ್ರೀತಿಗೆ ಹೀಬ್ರೂ ಭಾಷೆಯಲ್ಲಿ 'ಹೆಸೆದ್' ಎಂಬ ಪದವಿದೆ.

ಆದರೂ ಶಿಕ್ಷೆ ತಪ್ಪಲಿಲ್ಲ. ಕ್ರಿ.ಪೂ. 722ರ ಸುಮಾರಿಗೆ ಅಶ್ಶೂರರು ಸಮಾರ್ಯವನ್ನು ಗೆದ್ದರು. 27 ಸಾವಿರಕ್ಕೂ ಹೆಚ್ಚು ಜನರನ್ನು ಗಡೀಪಾರು ಮಾಡಿದ್ದಾಗಿ ಅಶ್ಶೂರದ ದೊರೆ ಎರಡನೆಯ ಸರ್ಗೋನನ ಶಾಸನ ಹೇಳಿಕೊಂಡಿದೆ. ಮುಂದೆ ಯೆರೂಸಲೇಮಿಗೂ ಅದೇ ಗತಿಯಾಯಿತು.

ದೇವರ ಕೋಪದಿಂದ ಸೋಲು ಬಂತೆನ್ನುವ ವಿವರಣೆ ಇಸ್ರಾಯೇಲ್ಯರಿಗಷ್ಟೇ ಸೀಮಿತವಾಗಿರಲಿಲ್ಲ. 1868ರಲ್ಲಿ ಬೆಳಕಿಗೆ ಬಂದ ಮೋವಾಬಿನ ದೊರೆ ಮೇಷನ ಶಾಸನದಲ್ಲೂ ಇದೇ ಮಾತಿದೆ: ಕೆಮೋಷ್ ದೇವರು ಮುನಿದದ್ದರಿಂದ ನಾಡು ಪರರ ಪಾಲಾಯಿತಂತೆ. ಆದರೆ ಮೇಷ ಅದನ್ನು ಕೆತ್ತಿಸಿದ್ದು ಗೆದ್ದ ಮೇಲೆ. ಯೆಹೂದದ ಜನ ಹಾಗೆಂದದ್ದು ನೆಲ, ಅರಸ, ಗುಡಿ ಮೂರನ್ನೂ ಕಳೆದುಕೊಂಡ ಮೇಲೆ. ವ್ಯತ್ಯಾಸ ಇರುವುದು ಇಲ್ಲೇ. ಸೋತವನು ದೇವರಲ್ಲ, ತಪ್ಪಿದವರು ನಾವು. ಶಿಕ್ಷಿಸುವವನು ಇನ್ನೂ ನಂಟು ಕಡಿದುಕೊಂಡಿಲ್ಲ ಎಂದು ಅವರು ಅರ್ಥೈಸಿದರು. ದೇವರ ಮಹಿಮೆ ಚಕ್ರಗಳುಳ್ಳ ರಥದ ಮೇಲೆ ಗುಡಿಯಿಂದ ಹೊರಟುದನ್ನು ಕಂಡೆನೆಂದು ಸೆರೆಯಲ್ಲಿದ್ದ ಯೆಹೆಜ್ಕೇಲ ಹೇಳಿದ. ಪರದೇಶದಲ್ಲೇ ಮನೆ ಕಟ್ಟಿ, ತೋಟ ಮಾಡಿ ಬಾಳಿರೆಂದು ಯೆರೆಮೀಯ ಕಾಗದ ಬರೆದ.

ಕ್ರಿ.ಪೂ. 597ರಲ್ಲೇ ಸೆರೆಯಾಗಿದ್ದ ದೊರೆ ಯೆಹೋಯಾಕೀನನ ಹೆಸರು ಬಾಬಿಲೋನಿನ ಅವಶೇಷಗಳಲ್ಲಿ ಸಿಕ್ಕ ಮಣ್ಣಿನ ಫಲಕಗಳಲ್ಲಿದೆ. ಅವನಿಗೂ ಅವನ ಐವರು ಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಪಡಿಯ ಲೆಕ್ಕ ಅದು. ಪಡಿ ಎಣ್ಣೆಯಲ್ಲಿ ಬದುಕಿದ ಆ ರಾಜವಂಶದೊಂದಿಗೆ ಜನರ ಆಸೆಯೂ ಉಳಿಯಿತು. ಕ್ರಿ.ಪೂ. 539ರಲ್ಲಿ ಪರ್ಷಿಯಾದ ಕೋರೆಷ ಬಾಬಿಲೋನನ್ನು ಗೆದ್ದ. ಹಲವರು ಊರಿಗೆ ಮರಳಿದರು; ಕ್ರಿ.ಪೂ. 515ರ ಸುಮಾರಿಗೆ ಎರಡನೆಯ ದೇವಾಲಯ ಎದ್ದಿತು. ಅನೇಕರು ಬಾಬಿಲೋನಿನಲ್ಲೇ ಉಳಿದರು. ಸಮಾರ್ಯದಿಂದ ಗಡೀಪಾರಾದವರು ಮಾತ್ರ ಹಾಗೆ ಗುಂಪಾಗಿ ಮರಳಲೇ ಇಲ್ಲ.

ಈ ನಂಬಿಕೆ ಸಂಶಯವಿಲ್ಲದ್ದೇನೂ ಅಲ್ಲ. ಯೆರೂಸಲೇಮಿನ ಪತನಕ್ಕೆ ಮರುಗುವ 'ಪ್ರಲಾಪಗಳು' ಗ್ರಂಥದ ಕೊನೆಯ ವಚನದಲ್ಲಿ ದೇವರು ತಮ್ಮನ್ನು ಪೂರ್ತಿಯಾಗಿ ಕೈಬಿಟ್ಟನೋ ಎಂಬ ಅಳಲಿದೆ. ದೇವಾಲಯ ನಾಶದ ನೆನಪಿಗೆ ಯೆಹೂದ್ಯರು ಪ್ರತಿವರ್ಷ ಉಪವಾಸವಿದ್ದು ಇದನ್ನು ಓದುತ್ತಾರೆ. ಕೊನೆಯ ವಚನ ಮುಗಿದ ಮೇಲೆ ಅದರ ಹಿಂದಿನ ವಚನವನ್ನು ಮತ್ತೊಮ್ಮೆ ಓದುವುದು ರೂಢಿ. ಅದು ನಮ್ಮನ್ನು ಮರಳಿ ಕರೆದುಕೋ ಎಂಬ ಬೇಡಿಕೆ. ಅಳಲನ್ನು ಅವರು ಅಳಿಸಿಹಾಕಲಿಲ್ಲ, ಆದರೆ ಕೊನೆಯ ಮಾತಾಗಲೂ ಬಿಡಲಿಲ್ಲ.