ಕೊಲೆಯ ಆಜ್ಞೆ, ಒಲವಿನ ತಿದ್ದುಪಡಿ: ಲಕ್ಷ್ಮೀಶನ ಚಂದ್ರಹಾಸೋಪಾಖ್ಯಾನದಲ್ಲಿ ಉಪಪಾತ್ರಗಳು

'ಉಪಮಾಲೋಲ'ನೆಂಬ ಬಿರುದಿನಿಂದ ಲಕ್ಷ್ಮೀಶನಿಗೆ ಒಂದು ನಷ್ಟವೂ ಆಗಿದೆ. ವಾರ್ಧಕ ಷಟ್ಪದಿಯಲ್ಲಿ 34 ಸಂಧಿಗಳಿಗೆ ಹರಡಿಕೊಂಡ ಅವನ 'ಜೈಮಿನಿ ಭಾರತ'ದ ನಾದಕ್ಕೂ ಅಲಂಕಾರಕ್ಕೂ ಸಂದಷ್ಟು ಗಮನ ಕಥೆ ಕಟ್ಟುವ ಅವನ ಜಾಣ್ಮೆಗೆ ಸಂದಿಲ್ಲ. ಕವಿಯ ಊರಿನ ಬಗ್ಗೆ ನಡೆದ ಚರ್ಚೆ ಮಾತ್ರ ಸಾಕಷ್ಟಿದೆ. ಕಾವ್ಯ ಹೇಳುವ ದೇವಪುರವನ್ನು ಬಹುಪಾಲು ವಿದ್ವಾಂಸರು ಕಡೂರು ತಾಲ್ಲೂಕಿನ ದೇವನೂರೆಂದು ಗುರುತಿಸುತ್ತಾರೆ. ಅದು ಸುರಪುರ ತಾಲ್ಲೂಕಿನ ದೇವಾಪುರವೆಂಬ ವಾದವೂ ಇದೆ. ಆ ವಿವಾದವನ್ನು ಇತ್ಯರ್ಥಪಡಿಸುವುದು ಈ ಲೇಖನದ ಉದ್ದೇಶವಲ್ಲ. ಕೃಷ್ಣಾ-ಭೀಮಾ ನದಿಗಳ ನಡುವಿನ ದೇವಾಪುರದವರು ತಮ್ಮವನೆಂದು ಹೇಳಿಕೊಳ್ಳುವ ಕವಿ ಕುಂತಲ ದೇಶದಲ್ಲಿ ನಡೆಯಿತೆಂದು ಹೇಳಿದ ಒಂದು ಕಥೆಯ ರಚನೆಯನ್ನಷ್ಟೇ ಇಲ್ಲಿ ಪರಿಶೀಲಿಸಲಾಗಿದೆ.

ಆ ಕಥೆ ಚಂದ್ರಹಾಸನದು. ಅಶ್ವಮೇಧದ ಕುದುರೆಯ ಬೆನ್ನುಹತ್ತಿ ಬಂದ ಅರ್ಜುನನಿಗೆ ನಾರದ ಇದನ್ನು ಹೇಳುತ್ತಾನೆ. ಇದರ ಒಡಲಲ್ಲಿರುವುದು ಅಪ್ಪಟ ರೋಚಕ ಕಥೆ. ಅನಾಥ ಬಾಲಕನೊಬ್ಬ ಮುಂದೆ ನಾಡನ್ನಾಳುತ್ತಾನೆಂಬ ಭವಿಷ್ಯ ಕೇಳಿ ಮಂತ್ರಿ ದುಷ್ಟಬುದ್ಧಿ ಮೂರು ಸಲ ಅವನ ಕೊಲೆಗೆ ಸಂಚು ಹೂಡುತ್ತಾನೆ, ಮೂರು ಸಲವೂ ಸೋಲುತ್ತಾನೆ. ಯಕ್ಷಗಾನದ ಪ್ರಸಂಗವಾಗಿ, 1965ರಲ್ಲಿ ರಾಜ್‌ಕುಮಾರ್ ನಟಿಸಿದ ಚಲನಚಿತ್ರವಾಗಿ ಇದು ಜನಪ್ರಿಯವಾಯಿತು. ಜನರ ನೆನಪಿನಲ್ಲಿ ಗಟ್ಟಿಯಾಗಿ ನಿಂತದ್ದು ಮಾತ್ರ ಮಂತ್ರಿಯ ಮಗಳು ವಿಷಯೆ ಓಲೆ ತಿದ್ದುವ ಪ್ರಸಂಗ. ಆ ಪ್ರೇಮಪ್ರಸಂಗ ತಾನೇ ತಾನಾಗಿ ನಿಲ್ಲುವಂಥದ್ದಲ್ಲ, ಅದರ ಹಿಂದೊಂದು ಮುಂದೊಂದು ಉಪಪಾತ್ರಗಳ ಪ್ರಸಂಗಗಳು ಕನ್ನಡಿಯಂತೆ ನಿಂತಿವೆ ಎಂಬುದು ಈ ಲೇಖನದ ಪ್ರತಿಪಾದನೆ.

ರೋಚಕ ಕಥೆಗಳಲ್ಲಿ ಉಪಪಾತ್ರಗಳು ನಾಯಕ-ನಾಯಿಕೆಯರ ಒಲವನ್ನು ಪ್ರತಿಬಿಂಬಿಸುವುದಕ್ಕೆ ಚಲನಚಿತ್ರ ವಿಮರ್ಶಕರು ಕೊಡುವ ಪ್ರಸಿದ್ಧ ಉದಾಹರಣೆ ಹಿಚ್‌ಕಾಕ್‌ನ 'ರಿಯರ್ ವಿಂಡೋ' (1954). ಕಾಲು ಮುರಿದುಕೊಂಡು ಗಾಲಿಕುರ್ಚಿಯಲ್ಲಿ ಕುಳಿತ ಜೆಫ್ ಎದುರು ಮನೆಗಳ ಕಿಟಕಿಗಳಲ್ಲಿ ನವದಂಪತಿಯನ್ನು, ಒಂಟಿ ಹೆಣ್ಣನ್ನು, ಹೆಂಡತಿಯನ್ನು ಕೊಂದ ಗಂಡನನ್ನು ನೋಡುತ್ತಾನೆ. ಲೀಸಾಳನ್ನು ಮದುವೆಯಾಗಲು ಹಿಂಜರಿಯುವ ಅವನ ಮುಂದೆ ದಾಂಪತ್ಯದ ಬಗೆಬಗೆಯ ಗತಿಗಳು ಒಂದೊಂದು ಕಿಟಕಿಯಲ್ಲಿ ತೆರೆದುಕೊಳ್ಳುತ್ತವೆ. ಅಲ್ಲಿ ಉಪಪಾತ್ರಗಳು ಏಕಕಾಲದಲ್ಲಿ ಅಕ್ಕಪಕ್ಕದಲ್ಲಿವೆ. ಲಕ್ಷ್ಮೀಶನ ಕಥೆಯಲ್ಲಿ ಅವು ಕಾಲದ ಸಾಲಿನಲ್ಲಿ ಒಂದಾದ ಮೇಲೊಂದು ಬರುತ್ತವೆ.

ಮೊದಲ ಪ್ರಸಂಗ ಕಟುಕರದು. ಬಾಲಕನನ್ನು ಕಾಡಿಗೊಯ್ದು ಕೊಂದು ಗುರುತು ತರಬೇಕೆಂದು ದುಷ್ಟಬುದ್ಧಿ ಆಜ್ಞಾಪಿಸುತ್ತಾನೆ. ಮಗುವನ್ನು ಕಂಡು ಅವರ ಮನ ಕರಗುತ್ತದೆ. ಅವನ ಎಡಗಾಲಿನ ಆರನೆಯ ಬೆರಳನ್ನು ಕತ್ತರಿಸಿ ತಂದು ತೋರಿಸುತ್ತಾರೆ. ಅಪಶಕುನವೆಂದೆಣಿಸಿದ ಹೆಚ್ಚಿನ ಬೆರಳು ಹೋಗಿ ಹುಡುಗ ನಿರ್ದೋಷ ದೇಹದವನಾಗುತ್ತಾನೆ, ಮಂತ್ರಿಗೆ ಕೊಲೆ ಮುಗಿಯಿತೆಂಬ ಸಾಕ್ಷಿಯೂ ಸಿಗುತ್ತದೆ.

ಎರಡನೆಯದು ವಿಷಯೆಯದು. ಚಂದನಾವತಿಯ ಕುಳಿಂದನ ಸಾಕುಮಗನಾಗಿ ಬೆಳೆದ ಚಂದ್ರಹಾಸನ ಕೈಯಲ್ಲೇ ದುಷ್ಟಬುದ್ಧಿ, ಇವನಿಗೆ ವಿಷ ಕೊಡಬೇಕೆಂದು ಬರೆದ ಓಲೆಯನ್ನು ತನ್ನ ಮಗ ಮದನನಿಗೆ ಕಳಿಸುತ್ತಾನೆ. ಊರ ಹೊರಗಿನ ಉದ್ಯಾನದಲ್ಲಿ ಚಂದ್ರಹಾಸ ನಿದ್ದೆಹೋಗುತ್ತಾನೆ. ರಾಜಕುಮಾರಿ ಚಂಪಕಮಾಲಿನಿಯೊಂದಿಗೆ ವನವಿಹಾರಕ್ಕೆ ಬಂದ ಮಂತ್ರಿಯ ಮಗಳು ವಿಷಯೆ ಅವನನ್ನು ಕಂಡು ಮರುಳಾಗುತ್ತಾಳೆ, ಓಲೆ ಓದುತ್ತಾಳೆ, ಕಣ್ಣ ಕಾಡಿಗೆಯಿಂದ 'ವಿಷವ' ಎಂಬುದನ್ನು 'ವಿಷಯೆ' ಎಂದು ತಿದ್ದುತ್ತಾಳೆ. ಗಮನಿಸಬೇಕಾದದ್ದು ಅವಳು ತಿದ್ದದೆ ಬಿಟ್ಟ ಭಾಗವನ್ನು. ಕುಲ ನೋಡಬೇಡ, ತಡಮಾಡಬೇಡ ಎಂಬ ಧಾಟಿಯ ಆತುರದ ಆಜ್ಞೆ ಹಾಗೆಯೇ ಉಳಿಯುತ್ತದೆ. ಕೊಲೆಗೆ ಹೇಳಿದ ಅವಸರವೇ ಮದುವೆಯ ಅವಸರವಾಗಿ ಮದನನಿಗೆ ಓದಿಸಿಕೊಳ್ಳುತ್ತದೆ. ಕಟುಕರು ಒಂದು ಬೆರಳು ತೆಗೆದರು, ಇವಳು ಒಂದು ಅಕ್ಷರ ತೆಗೆದಳು. ಎರಡು ಕಡೆಯೂ ಆಜ್ಞೆ ಪಾಲಿಸಿದ ಹಾಗೆಯೇ ಕಾಣುತ್ತದೆ, ಫಲ ಮಾತ್ರ ತಿರುಗುಮುರುಗು.

ಮೂರನೆಯದು ಮದನನದು. ಮಗಳ ಮದುವೆ ಕಂಡು ಉರಿದ ದುಷ್ಟಬುದ್ಧಿ, ಮನೆತನದ ಪದ್ಧತಿಯೆಂದು ನೆಪ ಹೇಳಿ ಅಳಿಯನನ್ನು ಸಂಜೆ ಒಬ್ಬನೇ ಊರಾಚೆಯ ದೇವಿಯ ಗುಡಿಗೆ ಪೂಜೆಗೆ ಕಳಿಸುತ್ತಾನೆ. ಅಲ್ಲಿ ಕೊಲೆಗಾರರು ಅಡಗಿದ್ದಾರೆ. ಅದೇ ಹೊತ್ತಿಗೆ ಕುಂತಲದ ಅರಸ ರಾಜ್ಯವನ್ನೂ ಮಗಳು ಚಂಪಕಮಾಲಿನಿಯನ್ನೂ ಚಂದ್ರಹಾಸನಿಗೆ ಒಪ್ಪಿಸಲು ನಿರ್ಧರಿಸಿ, ಅವನನ್ನು ಕರೆತರಲು ಮದನನನ್ನೇ ಅಟ್ಟುತ್ತಾನೆ. ದಾರಿಯಲ್ಲಿ ಎದುರಾದ ಭಾವನನ್ನು ಅರಮನೆಗೆ ಕಳಿಸಿ, ಪೂಜಾಸಾಮಗ್ರಿ ಹಿಡಿದು ಗುಡಿಗೆ ಹೋದ ಮದನ ಹತನಾಗುತ್ತಾನೆ. ಇಲ್ಲಿ ಬದಲಾದದ್ದು ಬೆರಳಲ್ಲ, ಅಕ್ಷರವೂ ಅಲ್ಲ, ಇಡೀ ದೇಹ. ಕಟುಕರಿಗೆ, ವಿಷಯೆಗೆ ತಾವು ಮಾಡುತ್ತಿರುವುದು ಗೊತ್ತಿತ್ತು. ಮದನನಿಗೆ ಗೊತ್ತಿಲ್ಲ, ಓದುಗನಿಗೆ ಗೊತ್ತು. ಕಥೆಯ ತಳಮಳ ತುದಿಮುಟ್ಟುವುದು ಈ ಅಂತರದಲ್ಲಿ.

ಮೂರಕ್ಕೂ ಸಮಾನವಾದ ಅಂಶಗಳು ಎರಡು. ಒಂದು, ಆಜ್ಞೆಯನ್ನು ತಿರುಗಿಸಿದವರೆಲ್ಲ ದುಷ್ಟಬುದ್ಧಿಯ ಕಡೆಯವರೇ: ಅವನ ಆಳುಗಳು, ಮಗಳು, ಮಗ. ಎರಡು, ಚಂದ್ರಹಾಸ ಈ ಯಾವ ಸಂಚನ್ನೂ ತಾನಾಗಿ ಎದುರಿಸುವುದಿಲ್ಲ. ತನ್ನ ಸಾವಿನ ಪತ್ರವನ್ನು ಹಡಗಿನಲ್ಲಿ ತಾನೇ ತೆರೆದು ತಾನೇ ತಿದ್ದಿದ ಹ್ಯಾಮ್ಲೆಟ್‌ನ ಪಕ್ಕದಲ್ಲಿಟ್ಟರೆ ಇದು ಎದ್ದು ಕಾಣುತ್ತದೆ. ನಾಯಕ ಮಲಗಿರುವುದರಿಂದಲೇ ಉಪಪಾತ್ರಗಳಿಗೆ ಕೆಲಸ ಸಿಕ್ಕಿದೆ. ಚಂಪಕಮಾಲಿನಿಯ ಪಾತ್ರಕ್ಕೂ ಇದೇ ಹಿನ್ನೆಲೆಯಲ್ಲಿ ಅರ್ಥ ಬರುತ್ತದೆ. ಅದೇ ವನಕ್ಕೆ ಅವಳೂ ಬಂದಿದ್ದಳು, ಅದೇ ವರನನ್ನು ಕೊನೆಗೆ ಅವಳೂ ಪಡೆಯುತ್ತಾಳೆ. ಆದರೆ ಅವಳ ಮದುವೆ ತಂದೆಯ ನೇರವಾದ ಆಜ್ಞೆಯಿಂದಾದದ್ದು. ಅಪಾಯ ಹೊತ್ತು ತಿದ್ದಿ ಪಡೆದ ವಿಷಯೆಯ ಒಲವು ಎಂಥದೆಂಬುದು ಈ ಜೋಡಣೆಯಲ್ಲಿ ಸ್ಪಷ್ಟವಾಗುತ್ತದೆ.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಸಾಲಿಗ್ರಾಮವನ್ನು ಬಾಯಲ್ಲಿಟ್ಟುಕೊಂಡು ಆಡಿದ ಹರಿಭಕ್ತನ ಕಥೆಯಿದು. ಕಾಪಾಡಿದವನು ವಿಷ್ಣು, ಉಳಿದವರೆಲ್ಲ ನಿಮಿತ್ತಮಾತ್ರರಲ್ಲವೇ? ಭಕ್ತಿಯ ದೃಷ್ಟಿಯಿಂದ ಅದು ನಿಜ. ಆದರೆ ದೈವದ ಕೃಪೆ ಇಲ್ಲಿ ಪವಾಡವಾಗಿ ಎರಗುವುದಿಲ್ಲ. ಪರರ ಕರುಣೆ, ಮೋಹ, ಅಕ್ಕರೆಗಳ ಮೂಲಕವೇ ಕೆಲಸ ಮಾಡುತ್ತದೆ. ಪವಾಡ ಬರುವುದು ಕೊನೆಯಲ್ಲಿ. ಮಗನ ಶವ ಕಂಡು ದುಷ್ಟಬುದ್ಧಿ ತಾನೂ ಪ್ರಾಣ ಬಿಡುತ್ತಾನೆ. ಆಗ ಚಂದ್ರಹಾಸ ದೇವಿಯ ಮುಂದೆ ತನ್ನ ದೇಹವನ್ನೇ ಅರ್ಪಿಸಲು ಮುಂದಾಗುತ್ತಾನೆ. ಮದನನೂ ದುಷ್ಟಬುದ್ಧಿಯೂ ಬದುಕಿ ಏಳುತ್ತಾರೆ. ಅಲ್ಲಿಯವರೆಗೆ ಬೇರೆಯವರು ತನಗಾಗಿ ಮಾಡಿದ್ದನ್ನು ನಾಯಕ ಮೊದಲ ಬಾರಿಗೆ ತಾನು ಮಾಡುತ್ತಾನೆ, ಅದೂ ತನ್ನ ವೈರಿಯನ್ನು ಸೇರಿಸಿಕೊಂಡು.

ಆದ್ದರಿಂದ ವಿಷಯೆಯ ಪ್ರಸಂಗವನ್ನು ಬಿಡಿ ಪ್ರಣಯಚಿತ್ರವಾಗಿ ಓದಿದರೆ ಅದರ ಅರ್ಧ ಅರ್ಥ ಕಳೆದುಹೋಗುತ್ತದೆ. ಕಟುಕರ ಕರುಣೆ ಅದಕ್ಕೆ ಪೂರ್ವರೂಪ, ಮದನನ ಸಾವು ಅದಕ್ಕೆ ತೆತ್ತ ಬೆಲೆ. ಜೈಮಿನಿ ಭಾರತವನ್ನು ಪಾಠ ಹೇಳುವವರೂ ಗಮಕದಲ್ಲಿ ವಾಚಿಸುವವರೂ ಉದ್ಯಾನದ ಪದ್ಯಗಳನ್ನು ಆರಿಸಿಕೊಳ್ಳುವಾಗ ಕಾಡಿನ ಮತ್ತು ಗುಡಿಯ ಪದ್ಯಗಳನ್ನೂ ಜೊತೆಗಿಟ್ಟುಕೊಳ್ಳಬೇಕು.