ಖುಕುರಿಯ ಉಕ್ಕೂ ಕಮ್ಮಾರನ ಸ್ಥಾನವೂ

ನೇಪಾಳದ ಖುಕುರಿಯನ್ನು ಕುರಿತ ಬರಹಗಳಲ್ಲಿ ಹೆಚ್ಚಿನವು ಯುದ್ಧದ ವೃತ್ತಾಂತಗಳು. 1814ರಿಂದ 1816ರವರೆಗೆ ನಡೆದ ಆಂಗ್ಲ-ನೇಪಾಳ ಯುದ್ಧದಲ್ಲಿ ಈ ಬಾಗಿದ ಕತ್ತಿಯ ಪೆಟ್ಟನ್ನು ಕಂಡ ಈಸ್ಟ್ ಇಂಡಿಯಾ ಕಂಪನಿಯು 1815ರಲ್ಲಿಯೇ ಗೂರ್ಖರನ್ನು ತನ್ನ ಸೈನ್ಯಕ್ಕೆ ಸೇರಿಸಿಕೊಳ್ಳತೊಡಗಿತು. ಅಂದಿನಿಂದ ಖುಕುರಿಯ ಕೀರ್ತಿಯು ಯೋಧನ ಕೀರ್ತಿಯೊಡನೆ ಬೆರೆತುಹೋಯಿತು. ಅದನ್ನು ಮಾಡಿದ ಕೈಗಳ ಚರಿತ್ರೆಯಾದರೋ ಬಹುಮಟ್ಟಿಗೆ ಅಲಕ್ಷಿತವಾಗಿ ಉಳಿದಿದೆ. ಆಯುಧದ ರಚನೆಯನ್ನೇ ಸಾಕ್ಷ್ಯವಾಗಿಟ್ಟುಕೊಂಡು ಆ ಕೊರತೆಯನ್ನು ಕಿಂಚಿತ್ತಾದರೂ ತುಂಬುವುದು ಈ ಲೇಖನದ ಉದ್ದೇಶ.

ಖುಕುರಿಯನ್ನು ಮಾಡುವವರು ಪರಂಪರೆಯಿಂದ ಕಾಮಿ ಎಂಬ ಕಮ್ಮಾರ ಜಾತಿಯವರು. ಹಿಂದೆ ನೇಪಾಳದ ಬೆಟ್ಟಗಳಲ್ಲಿಯೇ ಅದಿರನ್ನು ಕಾಯಿಸಿ ಕಬ್ಬಿಣವನ್ನು ತೆಗೆಯುತ್ತಿದ್ದರು. ರಾಮೇಛಾಪ್ ಜಿಲ್ಲೆಯ ಠೋಸೆ ಅಂತಹ ಸ್ಥಳಗಳಲ್ಲೊಂದು. ಮೋಟಾರು ವಾಹನಗಳು ಬಂದ ಮೇಲೆ, ಲಾರಿಯ ಭಾರವನ್ನು ಹೊತ್ತು ಸವೆದ ಕಮಾನು ಪಟ್ಟಿಗಳು ಕುಲುಮೆಗೆ ಮೂಲದ್ರವ್ಯವಾದವು. ಇದನ್ನು ಕೇವಲ ಬಡತನದ ಉಪಾಯವೆಂದು ಎಣಿಸುವುದು ಸರಿಯಲ್ಲ. ಆ ಉಕ್ಕಿನಲ್ಲಿ ಶೇಕಡಾ 0.5ರಿಂದ 0.6ರಷ್ಟು ಇಂಗಾಲವಿರುತ್ತದೆ, ಬಾಗಿದರೂ ಮುರಿಯದಿರುವುದು ಅದರ ಗುಣ, ಹದವಿಟ್ಟರೆ ಹರಿತವನ್ನು ಹಿಡಿಯುವುದೂ ಅದರ ಗುಣ. ಮರವನ್ನು ಕಡಿಯುವ ಕತ್ತಿಗೆ ಈ ಎರಡೂ ಅವಶ್ಯಕ.

ಕಾಮಿಯ ವಿದ್ಯೆಯು ಪೂರ್ಣವಾಗಿ ಪ್ರಕಟವಾಗುವುದು ಹದವಿಡುವ ಘಟ್ಟದಲ್ಲಿ. ಸುತ್ತಿಗೆಯಿಂದ ಆಕಾರ ಪಡೆದು ಅರದಿಂದ ತಿದ್ದಲ್ಪಟ್ಟ ಅಲಗನ್ನು ಮತ್ತೆ ಕಾಯಿಸಿ, ಕಾವಿನ ಬಣ್ಣವನ್ನು ಕಣ್ಣಿನಿಂದಲೇ ಅಳೆದು, ಅವನು ಕೆಟಲಿನಿಂದ ಬಾಯಿಯ ಉದ್ದಕ್ಕೂ ಸಣ್ಣ ಧಾರೆಯಾಗಿ ನೀರನ್ನು ಸುರಿಯುತ್ತಾನೆ. ಅಲಗನ್ನು ಪೂರ್ತಿಯಾಗಿ ನೀರಿನಲ್ಲಿ ಮುಳುಗಿಸಿದರೆ ಅದು ಬಿರಿಯುವ ಅಪಾಯವುಂಟು. ನೀರು ತಾಗಿದ ಬಾಯಿ ಕಠಿಣವಾಗುತ್ತದೆ. ನಿಧಾನವಾಗಿ ಆರಿದ ಬೆನ್ನು ಮೃದುವಾಗಿ ಉಳಿದು ಪೆಟ್ಟನ್ನು ತಾಳಿಕೊಳ್ಳುತ್ತದೆ. ಒಂದೇ ಲೋಹದಲ್ಲಿ ಎರಡು ಸ್ವಭಾವಗಳು ಹೀಗೆ ನೆಲೆಗೊಳ್ಳುತ್ತವೆ.

ಉಳಿದ ಸಾಮಗ್ರಿಯನ್ನು ಒದಗಿಸುವುದು ಸುತ್ತಣ ಪ್ರಕೃತಿ. ಹಿಡಿಗೆ ಮರ ಅಥವಾ ಎಮ್ಮೆಯ ಕೊಂಬು. ಹಿಡಿಯನ್ನು ಅಲಗಿಗೆ ಬೆಸೆಯಲು ಅರಗಿನಂತಹ 'ಲಾಹಾ'. ಒರೆಗೆ ಮರದ ಎರಡು ಹೋಳು, ಅದರ ಮೇಲೆ ಎಮ್ಮೆಯ ಚರ್ಮ. ಒರೆಯಲ್ಲಿ ಎರಡು ಸಣ್ಣ ಉಪಕರಣಗಳಿಗೂ ಸ್ಥಳವುಂಟು: ಸಣ್ಣ ಕೆಲಸಕ್ಕೆ 'ಕರ್ದಾ', ಅಲಗನ್ನು ಮಸೆಯಲು 'ಚಕ್ಮಕ್'.

ಇನ್ನು ಶಿಲ್ಪಿಯ ಸ್ಥಾನವನ್ನು ನೋಡೋಣ. ಜಂಗ್ ಬಹಾದುರ್ ರಾಣಾನ ಆಳ್ವಿಕೆಯಲ್ಲಿ 1854ರಲ್ಲಿ ಹೊರಟ 'ಮುಲುಕಿ ಐನ್' ಎಂಬ ಕಾನೂನು ಸಂಹಿತೆಯು ಕಾಮಿಗಳನ್ನು ನೀರು ಸಲ್ಲದ, ಅಸ್ಪೃಶ್ಯರಾದ ವರ್ಗದಲ್ಲಿ ಇರಿಸಿತು. ದಶೈಂ ಹಬ್ಬದ ಬಲಿಗೆ ಖುಕುರಿ ಬೇಕು, ಸೈನಿಕನ ಸೊಂಟಕ್ಕೆ ಖುಕುರಿ ಬೇಕು. ಆದರೆ ಅದನ್ನು ಮಾಡಿದವನ ಕೈಯ ನೀರು ಬೇಡ. ಅಲಗಿಗೆ ಯೋಗ್ಯತೆ ಬಂದುದು ಆ ಕೈ ಸುರಿದ ನೀರಿನಿಂದಲೇ ಎಂಬುದನ್ನು ಶಾಸನವು ಗಣಿಸಲಿಲ್ಲ. 1963ರ ಹೊಸ ಸಂಹಿತೆಯು ಜಾತಿಭೇದಕ್ಕಿದ್ದ ಕಾನೂನಿನ ಆಧಾರವನ್ನು ತೆಗೆದುಹಾಕಿತು. ಅಸ್ಪೃಶ್ಯತೆಯ ಆಚರಣೆಯನ್ನು ದಂಡಿಸಲು 2011ರಲ್ಲಿ ಪ್ರತ್ಯೇಕ ಕಾನೂನೇ ಬೇಕಾಯಿತೆಂಬುದರಿಂದ, ಶಾಸನ ಅಳಿದರೂ ರೂಢಿ ಅಳಿದಿರಲಿಲ್ಲವೆಂಬುದು ವಿದಿತವಾಗುತ್ತದೆ.

ಲಾರಿಯ ಉಕ್ಕಿನಿಂದಾದ ಕತ್ತಿಯನ್ನು ಸಾಂಪ್ರದಾಯಿಕವೆನ್ನಬಹುದೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಎನ್ನಬಹುದೆಂದೇ ನಮ್ಮ ಅಭಿಪ್ರಾಯ. ಲೋಹದ ಮೂಲ ಬದಲಾಯಿತು; ಕಾವನ್ನು ಅಳೆಯುವ ಕಣ್ಣು, ನೀರಿನ ಧಾರೆಯನ್ನು ನಡೆಸುವ ಕೈ ಬದಲಾಗಲಿಲ್ಲ. ಸಂಪ್ರದಾಯವು ವಸ್ತುವಿನಲ್ಲಿಲ್ಲ, ವಿದ್ಯೆಯಲ್ಲಿದೆ. ಆದಕಾರಣ ಖುಕುರಿಯ ಚರಿತ್ರೆಯನ್ನು ಬರೆಯುವವರು ರಣರಂಗದಿಂದಲ್ಲ, ಕುಲುಮೆಯಿಂದ ಆರಂಭಿಸುವುದು ಉಚಿತ.