ಎರ್ಗೊನಾಮಿಕ್ಸ್‌ನ ವಿದ್ಯಾರ್ಥಿ ಘಟಕಗಳು

ಮನುಷ್ಯನ ಮೈಕಟ್ಟು, ಕಣ್ಣು, ಕಿವಿ, ನೆನಪು, ದಣಿವುಗಳಿಗೆ ಹೊಂದುವಂತೆ ಯಂತ್ರವನ್ನೂ ಕೆಲಸವನ್ನೂ ರೂಪಿಸುವ ಶಾಸ್ತ್ರ ಎರ್ಗೊನಾಮಿಕ್ಸ್. ಅದನ್ನು ಕಲಿಯುವವರು ತಮ್ಮ ವಿಶ್ವವಿದ್ಯಾಲಯದಲ್ಲಿ ಕಟ್ಟಿಕೊಂಡು, ವೃತ್ತಿಪರ ಸಂಘವೊಂದರಿಂದ ಮಾನ್ಯತೆ ಪಡೆದ ಕೂಟವೇ ವಿದ್ಯಾರ್ಥಿ ಘಟಕ. ಇಂಥ ಘಟಕಗಳು ಹೆಚ್ಚಾಗಿ ಬೆಳೆದದ್ದು ಅಮೆರಿಕದಲ್ಲಿ, ಅಲ್ಲಿನ ಹ್ಯೂಮನ್ ಫ್ಯಾಕ್ಟರ್ಸ್ ಆ್ಯಂಡ್ ಎರ್ಗೊನಾಮಿಕ್ಸ್ ಸೊಸೈಟಿಯ ಆಶ್ರಯದಲ್ಲಿ. ಈ ವಿಷಯವನ್ನು ಒಂದು ಕಡೆ ಮನಶ್ಶಾಸ್ತ್ರ ವಿಭಾಗ ಕಲಿಸಿದರೆ ಇನ್ನೊಂದು ಕಡೆ ಕೈಗಾರಿಕಾ ಎಂಜಿನಿಯರಿಂಗ್ ವಿಭಾಗ ಕಲಿಸುತ್ತದೆ. ವಿನ್ಯಾಸ ಮತ್ತು ಶರೀರಕ್ರಿಯಾಶಾಸ್ತ್ರದವರಿಗೂ ಅದರಲ್ಲಿ ಪಾಲುಂಟು. ಹೀಗೆ ಬೇರೆ ಬೇರೆ ಕಟ್ಟಡಗಳಲ್ಲಿ ಹಂಚಿಹೋದ ವಿದ್ಯಾರ್ಥಿಗಳು ಒಂದೆಡೆ ಕಲೆಯುವ ಜಾಗ ಅನೇಕ ಕ್ಯಾಂಪಸ್‌ಗಳಲ್ಲಿ ಘಟಕವೇ. ಕನ್ನಡದಲ್ಲಿ ಈ ಶಾಸ್ತ್ರಕ್ಕೆ ‘ದಕ್ಷತಾಶಾಸ್ತ್ರ’ ಎಂಬ ಹೆಸರು ಚಾಲ್ತಿಯಲ್ಲಿದೆ. ಅದು ಅರ್ಧವನ್ನಷ್ಟೇ ಹೇಳುತ್ತದೆ: ಕೆಲಸ ಬೇಗ ಆಗುವುದರ ಜೊತೆಗೆ ಕೆಲಸ ಮಾಡುವವರ ಬೆನ್ನು ಉಳಿಯುವುದೂ ಇದರ ಗುರಿ.

ಕೆಲಸ ಮತ್ತು ದೇಹದ ನಂಟನ್ನು ಮೊದಲು ವಿಸ್ತಾರವಾಗಿ ಬರೆದವನು ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜಿನಿ. ಕುಶಲಕರ್ಮಿಗಳ ರೋಗಗಳನ್ನು ಕುರಿತ ಅವನ ಗ್ರಂಥ 1700ರಲ್ಲಿ ಹೊರಬಂತು. ರೋಗಿಯನ್ನು ಪರೀಕ್ಷಿಸುವಾಗ ಅವನ ಕಸುಬು ಯಾವುದೆಂದೂ ಕೇಳಬೇಕು ಎಂಬುದು ಅವನ ಸಲಹೆ. ‘ಎರ್ಗೊನಾಮಿಕ್ಸ್’ ಎಂಬ ಪದವನ್ನು 1857ರಲ್ಲಿ ಬಳಸಿದವನು ಪೋಲೆಂಡಿನ ನಿಸರ್ಗ ವಿಜ್ಞಾನಿ ವೊಯ್ಚೆಕ್ ಯಾಸ್ಟ್‌ಶೆಂಬೊವ್‌ಸ್ಕಿ. ಗ್ರೀಕ್ ಭಾಷೆಯ ಎರ್ಗೊನ್ (ಕೆಲಸ), ನೊಮೊಸ್ (ನಿಯಮ) ಎಂಬ ಎರಡು ಮಾತುಗಳನ್ನು ಕೂಡಿಸಿ ಅವನು ಕಟ್ಟಿದ ಪದ ಮುಂದೆ ಸುಮಾರು ಒಂದು ಶತಮಾನ ಮರೆತೇಹೋಯಿತು.

20ನೇ ಶತಮಾನ ಕಾಲಿಡುವ ಹೊತ್ತಿಗೆ ಅಮೆರಿಕದ ಫ್ರೆಡರಿಕ್ ಟೇಲರ್ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಸಲಿಕೆಗಳನ್ನು ಅಳೆದ. ಒಂದು ಸಲಿಕೆಗೆ ಸುಮಾರು 21 ಪೌಂಡ್ ತುಂಬಿದರೆ ದಿನದ ಕೊನೆಗೆ ಹೆಚ್ಚು ಕೆಲಸ ಆಗುತ್ತದೆ ಎಂಬುದು ಅವನ ಲೆಕ್ಕ. ಫ್ರ್ಯಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿಯ ನೋಟ ಇದಕ್ಕಿಂತ ಸೂಕ್ಷ್ಮವಾದದ್ದು. ಗೋಡೆ ಕಟ್ಟುವ ಗಾರೆಯವನು ಪ್ರತಿ ಇಟ್ಟಿಗೆಗೂ ನೆಲದವರೆಗೆ ಬಗ್ಗಿ ಏಳುತ್ತಿದ್ದುದನ್ನು ಗಮನಿಸಿದ ಫ್ರ್ಯಾಂಕ್, ಗೋಡೆ ಏರಿದಂತೆ ಏರುವ ಅಟ್ಟಣಿಗೆ ಮಾಡಿ ಇಟ್ಟಿಗೆಯನ್ನು ಕೈಯ ಮಟ್ಟಕ್ಕೆ ತಂದಿಟ್ಟ. ಇಟ್ಟಿಗೆಯೊಂದಕ್ಕೆ 18ರಷ್ಟಿದ್ದ ಚಲನೆಗಳು 5ರ ಆಸುಪಾಸಿಗೆ ಇಳಿದವು. ಗಂಡ ತೀರಿಕೊಂಡ ಮೇಲೂ ಈ ಕೆಲಸ ಮುಂದುವರಿಸಿದ ಲಿಲಿಯನ್ 1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯಾದರು. ಹಿಡಿಯುವವನ ಎತ್ತರ ನೋಡಿ ನೇಗಿಲಿನ ಮೇಣಿ ಕೆತ್ತುತ್ತಿದ್ದ ಹಳ್ಳಿಯ ಬಡಗಿಗೆ ಇದೆಲ್ಲ ಹೊಸದಾಗಿ ಕಾಣುತ್ತಿರಲಿಲ್ಲ. ಸಾವಿರಾರು ಜನಕ್ಕೆ ಒಂದೇ ಅಚ್ಚಿನ ಯಂತ್ರ ಮಾಡುವ ಕಾರ್ಖಾನೆಗೆ ಮಾತ್ರ ಆ ಎತ್ತರವನ್ನು ಮತ್ತೆ ಲೆಕ್ಕ ಹಾಕಿ ಕಂಡುಕೊಳ್ಳಬೇಕಾಗಿತ್ತು.

ಶಾಸ್ತ್ರಕ್ಕೆ ಈಗಿನ ರೂಪ ಬಂದದ್ದು ಎರಡನೇ ಮಹಾಯುದ್ಧದಲ್ಲಿ. ಬಿ-17 ಬಾಂಬರ್‌ಗಳು ಸುರಕ್ಷಿತವಾಗಿ ನೆಲಕ್ಕಿಳಿದು ರನ್‌ವೇಯಲ್ಲಿ ಓಡುತ್ತಿರುವಾಗಲೇ ಚಕ್ರ ಮಡಚಿಕೊಂಡು ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ತನಿಖೆಯ ಕಾಗದಗಳಲ್ಲಿ ಕಾರಣ ಒಂದೇ: ಪೈಲಟ್‌ನ ತಪ್ಪು. ಡೇಟನ್ ಬಳಿಯ ರೈಟ್ ಫೀಲ್ಡ್‌ನಲ್ಲಿದ್ದ ಯುವ ಮನಶ್ಶಾಸ್ತ್ರಜ್ಞ ಆಲ್ಫೊನ್ಸ್ ಚಪಾನಿಸ್ ಪೈಲಟ್‌ಗಳನ್ನು ಬಿಟ್ಟು ಕಾಕ್‌ಪಿಟ್ ನೋಡಿದ. ಚಕ್ರ ಮಡಚುವ ಸ್ವಿಚ್ಚು ಮತ್ತು ರೆಕ್ಕೆಯ ಫ್ಲ್ಯಾಪ್ ಎತ್ತುವ ಸ್ವಿಚ್ಚು ಅಕ್ಕಪಕ್ಕದಲ್ಲೇ ಇದ್ದವು, ಒಂದೇ ಆಕಾರದಲ್ಲಿದ್ದವು. ದಣಿದ ಕೈ ಒಂದರ ಬದಲು ಇನ್ನೊಂದನ್ನು ಎಳೆಯುತ್ತಿತ್ತು. ಈ ಎರಡೂ ಬೇರೆ ಬೇರೆ ರೀತಿಯಲ್ಲಿದ್ದ ಸಿ-47 ವಿಮಾನದಲ್ಲಿ ಈ ತಪ್ಪು ಬಹುಮಟ್ಟಿಗೆ ಇರಲೇ ಇಲ್ಲ. ಚಪಾನಿಸ್ ಸೂಚಿಸಿದ ಪರಿಹಾರ ಸರಳ: ಚಕ್ರದ ಹಿಡಿಗೆ ಸಣ್ಣ ರಬ್ಬರ್ ಚಕ್ರ, ಫ್ಲ್ಯಾಪಿನ ಹಿಡಿಗೆ ಬೆಣೆಯಾಕಾರದ ತುಂಡು. ಕಣ್ಣು ಮುಂದೆ ನೋಡುತ್ತಿದ್ದರೂ ಬೆರಳಿಗೆ ಗುರುತು ಸಿಗುತ್ತಿತ್ತು. ಇಂದಿನ ಪ್ರಯಾಣಿಕ ವಿಮಾನಗಳಲ್ಲೂ ಚಕ್ರದ ಸನ್ನೆಗೆ ಚಕ್ರದ ಆಕಾರವೇ ಇದೆ. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ವಿಮಾನದ ಹಿಡಿಗಳನ್ನು ಬಳಸುವಾಗಿನ 460 ತಪ್ಪುಗಳನ್ನು ಪೈಲಟ್‌ಗಳಿಂದಲೇ ಕೇಳಿ ವಿಂಗಡಿಸಿದರು. ಅವುಗಳಲ್ಲಿ ಅರ್ಧದಷ್ಟು ಹೀಗೆ ಒಂದನ್ನು ಇನ್ನೊಂದೆಂದು ಹಿಡಿದವೇ. ತಪ್ಪು ಮಾಡಿದವನ ಹೆಸರು ಬರೆದು ಕಡತ ಮುಚ್ಚದೆ, ಆ ತಪ್ಪಿಗೆ ದಾರಿ ಮಾಡಿಕೊಟ್ಟ ವಸ್ತು ಯಾವುದೆಂದು ಹುಡುಕುವ ರೂಢಿ ಇಲ್ಲಿಂದ ಬಂದದ್ದು. ವಿದ್ಯಾರ್ಥಿ ಘಟಕಗಳು ಇಂದಿಗೂ ಹೊಸಬರಿಗೆ ಕಲಿಸುವುದು ಮುಖ್ಯವಾಗಿ ಇದನ್ನೇ.

ಯುದ್ಧ ಮುಗಿದಾಗ ಈ ತಜ್ಞರು ವಿಶ್ವವಿದ್ಯಾಲಯಗಳಿಗೆ ಹೋದರು. ಇಲಿನಾಯ್‌ನಲ್ಲಿ ಅಲೆಕ್ಸಾಂಡರ್ ವಿಲಿಯಮ್ಸ್ 1946ರಲ್ಲಿ ವೈಮಾನಿಕ ಮನಶ್ಶಾಸ್ತ್ರದ ಪ್ರಯೋಗಾಲಯ ತೆರೆದ. ಫಿಟ್ಸ್ ಮೊದಲು ಒಹಾಯೊ ಸ್ಟೇಟ್‌ಗೆ, ಆಮೇಲೆ ಮಿಷಿಗನ್‌ಗೆ ಹೋದ. ಚಪಾನಿಸ್ ಜಾನ್ಸ್ ಹಾಪ್ಕಿನ್ಸ್ ಸೇರಿದ. ಬ್ರಿಟನ್ನಿನಲ್ಲಿ 1949ರ ಜುಲೈ 12ರಂದು ಲಂಡನ್ನಿನ ನೌಕಾ ಇಲಾಖೆಯ ಕಚೇರಿಯಲ್ಲಿ ಹೈವೆಲ್ ಮರೆಲ್ ಕರೆದ ಸಭೆಯಿಂದ ಹೊಸ ಸಂಘವೊಂದು ಹುಟ್ಟಿತು, ಮರುವರ್ಷ ಅದಕ್ಕೆ ‘ಎರ್ಗೊನಾಮಿಕ್ಸ್’ ಎಂಬ ಹೆಸರೂ ಗೊತ್ತಾಯಿತು. ಅಮೆರಿಕದ ಸಂಘ 1957ರಲ್ಲಿ ಒಕ್ಲಹೋಮಾದ ಟಲ್ಸಾದಲ್ಲಿ ಹ್ಯೂಮನ್ ಫ್ಯಾಕ್ಟರ್ಸ್ ಸೊಸೈಟಿ ಎಂದು ಶುರುವಾಯಿತು. ಹೆಸರಿಗೆ ‘ಎರ್ಗೊನಾಮಿಕ್ಸ್’ ಸೇರಿದ್ದು 1992ರಲ್ಲಿ. ಅಂತರರಾಷ್ಟ್ರೀಯ ಒಕ್ಕೂಟ 1959ರಲ್ಲಿ ರೂಪುಗೊಂಡು ಮೊದಲ ಅಧಿವೇಶನವನ್ನು 1961ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆಸಿತು.

ಘಟಕದ ಕಟ್ಟುಪಾಡು ಸರಳ. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ವಿದ್ಯಾರ್ಥಿಗಳೇ. ಬೆನ್ನಿಗೆ ಸಲಹೆಗಾರರಾಗಿ ಒಬ್ಬ ಪ್ರಾಧ್ಯಾಪಕರು. ವರ್ಷದ ಕೆಲಸದ ವರದಿ ಸಂಘಕ್ಕೆ ಹೋಗುತ್ತದೆ, ಹೆಚ್ಚು ದುಡಿದ ಘಟಕಗಳಿಗೆ ಚಿನ್ನ, ಬೆಳ್ಳಿ, ಕಂಚು ಎಂಬ ಶ್ರೇಣಿಯ ಮನ್ನಣೆ ಸಿಗುತ್ತದೆ. ಪದಾಧಿಕಾರಿಗಳು ಪದವಿ ಮುಗಿಸಿ ಹೊರಟ ಕೂಡಲೇ ಘಟಕ ನಿದ್ದೆಗೆ ಜಾರುವುದು ಮಾಮೂಲು ಕಾಯಿಲೆ. ಸಲಹೆಗಾರರ ನಿಜವಾದ ಕೆಲಸ ಬೀಳುವುದು ಆಗಲೇ. ಸಭೆಗಳಿಗೆ ಕಾರು ಕಂಪನಿ, ಆಸ್ಪತ್ರೆ, ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗಳು ಬಂದು ಮಾತಾಡುತ್ತಾರೆ. ಕಾರ್ಖಾನೆ, ವಿಮಾನ ನಿಯಂತ್ರಣ ಕೇಂದ್ರಗಳಂಥ ಜಾಗಗಳಿಗೆ ಭೇಟಿ ಏರ್ಪಡುತ್ತದೆ. ವಾರ್ಷಿಕ ಅಧಿವೇಶನದಲ್ಲಿ ಪ್ರಬಂಧ ಓದುವವರು ಅದಕ್ಕೂ ಮೊದಲು ಘಟಕದ ಗೆಳೆಯರ ಮುಂದೆ ಓದಿ ಏಟು ತಿನ್ನುವುದು ವಾಡಿಕೆ. ಪ್ರೊಫೆಸರರ ಪ್ರಶ್ನೆಗಿಂತ ಸಹಪಾಠಿಯ ಪ್ರಶ್ನೆ ಮೊನಚಾಗಿರುವುದೇ ಹೆಚ್ಚು.

ವಿಷಯದ ವ್ಯಾಪ್ತಿಯನ್ನು ಹಿಗ್ಗಿಸಿದ ಘಟನೆ 1979ರ ಮಾರ್ಚ್ 28ರ ನಸುಕಿನಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ನಡೆದ ಅಪಘಾತ. ತೆರೆದ ಕವಾಟವೊಂದು ಮತ್ತೆ ಮುಚ್ಚಲಿಲ್ಲ, ತಂಪುನೀರು ಸೋರಿಹೋಗುತ್ತಿತ್ತು. ಫಲಕದ ದೀಪ ತೋರಿಸುತ್ತಿದ್ದುದು ಮುಚ್ಚು ಎಂಬ ಆಜ್ಞೆ ಹೋಗಿದೆಯೇ ಎಂಬುದನ್ನು. ಕವಾಟ ನಿಜವಾಗಿ ಮುಚ್ಚಿದೆಯೇ ಎಂಬುದನ್ನಲ್ಲ. ದೀಪ ಆರಿದ್ದನ್ನು ಕಂಡ ನಿರ್ವಾಹಕರು ಕವಾಟ ಮುಚ್ಚಿತೆಂದೇ ನಂಬಿದರು. ನೂರಕ್ಕೂ ಹೆಚ್ಚು ಎಚ್ಚರಿಕೆ ಗಂಟೆಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದಾಗ ಯಾವುದಕ್ಕೆ ಕಿವಿಗೊಡಬೇಕೆಂದು ತಿಳಿಯದೆ ಎರಡು ಗಂಟೆಗೂ ಮಿಕ್ಕಿ ಸೋರಿಕೆ ನಡೆಯಿತು. ಇದಾದ ಮೇಲೆ ನಿಯಂತ್ರಣ ಕೊಠಡಿಗಳ ವಿನ್ಯಾಸ ಈ ಶಾಸ್ತ್ರದ ದೊಡ್ಡ ಕವಲಾಯಿತು. ಹಿಂದೆಯೇ ಮೇಜಿನ ಮೇಲಿನ ಕಂಪ್ಯೂಟರ್ ಬಂತು, ಜೊತೆಗೆ ಮಣಿಕಟ್ಟು ಮತ್ತು ಕತ್ತಿನ ನೋವೂ ಬಂದವು.

ಆ ನೋವಿನಿಂದಲೇ ಘಟಕಗಳಿಗೆ ಅವುಗಳ ಅತಿ ಪರಿಚಿತ ಕೆಲಸ ಸಿಕ್ಕಿತು: ಕ್ಯಾಂಪಸ್ಸಿನ ಕಚೇರಿಗಳಲ್ಲಿ ಕೂರುವ ಜಾಗದ ತಪಾಸಣೆ. ಅಳತೆ ಟೇಪು, ಕೋನಮಾಪಕ ಮತ್ತು ಕ್ಯಾಮೆರಾ ಹಿಡಿದು ವಿದ್ಯಾರ್ಥಿಗಳು ಗುಮಾಸ್ತರ ಮೇಜಿನ ಬಳಿ ನಿಲ್ಲುತ್ತಾರೆ. ಮಂಡಿಯ ಹಿಂಬದಿಯಿಂದ ನೆಲಕ್ಕಿರುವ ಎತ್ತರವನ್ನೂ ಕುಳಿತಾಗಿನ ಮೊಣಕೈ ಎತ್ತರವನ್ನೂ ಅಳೆದು, ಪಕ್ಕದಿಂದ ತೆಗೆದ ಚಿತ್ರದಲ್ಲಿ ಕತ್ತು ಮತ್ತು ಮಣಿಕಟ್ಟಿನ ಬಾಗನ್ನು ಲೆಕ್ಕ ಹಾಕುತ್ತಾರೆ. ನಾಟಿಂಗ್‌ಹ್ಯಾಮ್‌ನ ಲಿನ್ ಮ್ಯಾಕಟಾಮ್ನಿ ಮತ್ತು ನೈಜೆಲ್ ಕಾರ್ಲೆಟ್ 1993ರಲ್ಲಿ ಪ್ರಕಟಿಸಿದ ‘ರೂಲಾ’ ಪದ್ಧತಿಯಲ್ಲಿ ಭಂಗಿಗೆ 1ರಿಂದ 7ರವರೆಗೆ ಅಂಕ. 7 ಬಂದರೆ ಕೂಡಲೇ ಬದಲಿಸಬೇಕು. ಪರಿಹಾರಕ್ಕೆ ಹೊಸ ಕುರ್ಚಿಯೇ ಬೇಕೆಂದಿಲ್ಲ. ಕಾಲು ನೆಲಕ್ಕೆ ಎಟುಕದವರಿಗೆ ಪಾದದಡಿ ಒಂದು ಕಾಗದದ ಬಂಡಲು ಸಾಕಾಗುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿರಲಿ ಎಂಬ ಪುಸ್ತಕದ ನಿಯಮವನ್ನು ಬೈಫೋಕಲ್ ಕನ್ನಡಕದವರ ಮುಂದೆ ಕೈಬಿಡಬೇಕು: ಅವರು ಕನ್ನಡಕದ ಕೆಳಭಾಗದಲ್ಲಿ ಓದಲು ಗದ್ದ ಎತ್ತುತ್ತಾರೆ, ಪರದೆ ಇಳಿಸಿದರಷ್ಟೇ ಕತ್ತು ಸಡಿಲವಾಗುತ್ತದೆ. ಇಂಥದ್ದು ತರಗತಿಗಿಂತ ಗುಮಾಸ್ತರ ಮೇಜಿನ ಬಳಿಯೇ ಚೆನ್ನಾಗಿ ತಿಳಿಯುತ್ತದೆ. ಗೋದಾಮುಗಳಲ್ಲಿ ಭಾರ ಎತ್ತುವ ಕೆಲಸವನ್ನು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ನಯೋಷ್‌ನ ಸೂತ್ರದಿಂದ ಪರೀಕ್ಷಿಸುವುದೂ ಉಂಟು. ಅನುಕೂಲವೆಲ್ಲ ಕೂಡಿಬಂದಾಗ ಅದರ ಮಿತಿ 23 ಕಿಲೊ. ದೂರ ಚಾಚಬೇಕಾದಾಗ, ಮೈ ತಿರುಚಬೇಕಾದಾಗ ಅದು ಇಳಿಯುತ್ತ ಹೋಗುತ್ತದೆ.

2003ರಿಂದ ಅಮೆರಿಕದ ಸಂಘ ಅಕ್ಟೋಬರನ್ನು ಎರ್ಗೊನಾಮಿಕ್ಸ್ ಮಾಸವಾಗಿ ಆಚರಿಸತೊಡಗಿತು. ಘಟಕಗಳು ಶಾಲೆಗಳಿಗೆ ಹೋಗಿ ಚೀಲ ಹೊರುವ ಬಗೆ ಹೇಳಿಕೊಡುವುದು, ಹಿರಿಯರಿಗೆ ಔಷಧಿ ಡಬ್ಬಿಯ ಮುಚ್ಚಳ ತೆರೆಯುವುದು ಏಕೆ ಕಷ್ಟವೆಂದು ಮಕ್ಕಳಿಗೆ ದಪ್ಪ ಕೈಗವಸು ತೊಡಿಸಿ ತೋರಿಸುವುದು ಇಂಥ ಕಾರ್ಯಕ್ರಮಗಳ ಸಾಲಿಗೆ ಸೇರುತ್ತವೆ.

ಭಾರತದಲ್ಲಿ ಈ ಶಾಸ್ತ್ರ ಬಂದದ್ದು ಬೇರೆ ದಾರಿಯಲ್ಲಿ. ಕಲ್ಕತ್ತಾ ವಿಶ್ವವಿದ್ಯಾಲಯದ ಶರೀರಕ್ರಿಯಾಶಾಸ್ತ್ರ ವಿಭಾಗದಲ್ಲಿ ರವೀಂದ್ರನಾಥ ಸೇನ್ ಅದನ್ನು ಬೆಳೆಸಿದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಮತ್ತು ಐಐಟಿಗಳ ವಿನ್ಯಾಸ ವಿಭಾಗಗಳು ಆಮೇಲೆ ಕೈಜೋಡಿಸಿದವು. ವಿದೇಶಿಯರ ಮೈಯಳತೆಯ ಪಟ್ಟಿಗಳು ಇಲ್ಲಿನವರಿಗೆ ಹೊಂದುತ್ತಿರಲಿಲ್ಲ. ದೇಬಕುಮಾರ್ ಚಕ್ರವರ್ತಿ ಸಿದ್ಧಪಡಿಸಿದ ಭಾರತೀಯರ ದೇಹದ ಅಳತೆಗಳ ಪುಸ್ತಕ 1997ರಲ್ಲಿ ಅಹಮದಾಬಾದಿನಿಂದ ಪ್ರಕಟವಾಯಿತು. ಇಲ್ಲಿ ವಿದ್ಯಾರ್ಥಿಗಳು ಸೇರುವುದು ಕ್ಯಾಂಪಸ್ ಘಟಕಕ್ಕಿಂತ ಹೆಚ್ಚಾಗಿ ಭಾರತೀಯ ಎರ್ಗೊನಾಮಿಕ್ಸ್ ಸಂಘದ ಸಮ್ಮೇಳನಗಳಲ್ಲಿ. ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಪೈಲಟ್‌ಗಳ ಮೈಯಳತೆ ಮತ್ತು ಕಾಕ್‌ಪಿಟ್ಟಿನ ಹೊಂದಾಣಿಕೆಯನ್ನು ಅಭ್ಯಸಿಸಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿನ್ಯಾಸ ವಿಭಾಗದಲ್ಲೂ ಈ ವಿಷಯ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಗೃಹವಿಜ್ಞಾನ ವಿದ್ಯಾರ್ಥಿನಿಯರಿಗೆ ಪ್ರಯೋಗಶಾಲೆ ಹೊಲವೇ: ಬಗ್ಗಿ ಕಳೆ ತೆಗೆಯುವ ಹೆಂಗಸರ ಎದೆಬಡಿತ ಎಣಿಸಿ, ಹೊಸ ಸಲಕರಣೆಯಿಂದ ಶ್ರಮ ಎಷ್ಟು ತಗ್ಗಿತೆಂದು ಅಳೆಯುವ ಅಧ್ಯಯನಗಳು ಅಲ್ಲಿ ನಡೆದಿವೆ. ಶಾಲಾಚೀಲದ ವಿಷಯದಲ್ಲಿ ಕರ್ನಾಟಕ ಸರ್ಕಾರ 2019ರಲ್ಲೇ ಆದೇಶ ಹೊರಡಿಸಿ, ಒಂದು ಮತ್ತು ಎರಡನೇ ತರಗತಿಯ ಮಕ್ಕಳ ಚೀಲ 2 ಕಿಲೊ, ಒಂಬತ್ತು ಮತ್ತು ಹತ್ತನೆಯವರದು 5 ಕಿಲೊ ಮೀರಬಾರದೆಂದಿತು. ಮರುವರ್ಷದ ರಾಷ್ಟ್ರೀಯ ನೀತಿ ಚೀಲದ ಭಾರವನ್ನು ಮಗುವಿನ ತೂಕದ ಹತ್ತರಲ್ಲೊಂದು ಪಾಲಿಗೆ ಸೀಮಿತಗೊಳಿಸಿತು.